ಮೈಸೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ಒಂದು ದಿನ: ಹುಡುಕುವ, ಪರೀಕ್ಷಿಸುವ, ಕೊಳ್ಳುವ ಕ್ರಮ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಾದರೂ ಬಸ್ಸಾದರೂ ಒಂದು ಗಂಟೆಯ ಆಚೀಚೆ ತಲುಪಿಸುವ ಈ ದಾರಿಯನ್ನು ನಾವು ಮಂಡ್ಯದವರು ಆಸ್ಪತ್ರೆಗೆ, ಮದುವೆಯ ಜವಳಿಗೆ, ದಸರಾ ನೋಡುವುದಕ್ಕೆ ಹಿಡಿಯುತ್ತೇವೆಯೇ ಹೊರತು ಹಳೆಯ ಪುಸ್ತಕ ನೋಡುವುದಕ್ಕೆಂದೇ ಹಿಡಿಯುವುದು ಕಡಿಮೆ. ಬೇರೆ ಕೆಲಸದ ನಡುವೆ ಅರ್ಧ ಗಂಟೆ ಉಳಿಯಿತೆಂದು ಅಂಗಡಿಗೆ ನುಗ್ಗಿ, ನಾಲ್ಕು ಪುಸ್ತಕಗಳ ಬೆನ್ನಿನ ಮೇಲೆ ಕಣ್ಣಾಡಿಸಿ ಹೊರಬಂದವರು ‘ಅಲ್ಲೇನಿಲ್ಲ, ಬರೀ ಗೈಡುಗಳು’ ಎನ್ನುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಅವರು ಹೇಳುವುದು ಸುಳ್ಳಲ್ಲ. ಅರ್ಧ ಗಂಟೆಗೆ ಕಾಣಿಸುವುದು ಅಷ್ಟೇ. ಹೊಸ ಪುಸ್ತಕದಂಗಡಿಯಲ್ಲಿ ಪುಸ್ತಕ ನಮ್ಮನ್ನು ಕಾಯುತ್ತಿರುತ್ತದೆ, ಹಳೆಯದರಲ್ಲಿ ನಾವು ಅದನ್ನು ಕಾಯಬೇಕಾಗುತ್ತದೆ. ಆದ್ದರಿಂದ ಇದಕ್ಕೆ ಒಂದು ಇಡೀ ದಿನವನ್ನೇ ಬೇರೆ ಎತ್ತಿಡುವುದು ಒಳ್ಳೆಯದು. ಜೊತೆಗೆ, ಹಳೆಯ ಪುಸ್ತಕವನ್ನು ಓದುವ ಮೊದಲು ಅದರ ಮೈಯನ್ನು ಓದಲು ಕಲಿಯಬೇಕು. ಈ ಮಾರ್ಗದರ್ಶಿಯ ಬಹುಪಾಲು ಆ ಕಲಿಕೆಗೇ ಮೀಸಲು.

ಮೈಸೂರೇ ಏಕೆ

ಹಳೆಯ ಪುಸ್ತಕ ಎಲ್ಲೆಲ್ಲೂ ಸಿಗುತ್ತದೆ, ಆದರೆ ಹಳೆಯ ಕನ್ನಡ ಪುಸ್ತಕ ಮೈಸೂರಿನಲ್ಲಿ ಸಿಗುವುದಕ್ಕೆ ಕಾರಣವಿದೆ. ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುವ ಸಂಸ್ಥೆ ಇಲ್ಲಿ ಸ್ಥಾಪನೆಯಾದದ್ದು 1891ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗವು ಸಾಮಾನ್ಯ ಓದುಗರಿಗಾಗಿ ಹೊರತಂದ ಸಣ್ಣ ಪ್ರಚಾರ ಪುಸ್ತಕಗಳು, ಕಾವ್ಯಾಲಯ, ಡಿ.ವಿ.ಕೆ. ಮೂರ್ತಿ, ಗೀತಾ ಬುಕ್ ಹೌಸ್, ಉಷಾ ಸಾಹಿತ್ಯ ಮಾಲೆ ಮೊದಲಾದ ಪ್ರಕಾಶಕರ ಪುಸ್ತಕಗಳು, ಕುವೆಂಪು ಅವರ ಕೃತಿಗಳನ್ನು ಹೊರತಂದ ಉದಯರವಿ ಪ್ರಕಾಶನದ ಮುದ್ರಣಗಳು, ಇವೆಲ್ಲ ಇದೇ ಊರಿನಲ್ಲಿ ಹುಟ್ಟಿ ಇದೇ ಊರಿನ ಮನೆಗಳನ್ನು ಸೇರಿದವು. ಸರಸ್ವತಿಪುರ, ಕೃಷ್ಣಮೂರ್ತಿಪುರ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಗಳಲ್ಲಿ ಅಧ್ಯಾಪಕರೂ ವಕೀಲರೂ ಸರ್ಕಾರಿ ನೌಕರರೂ ಕಟ್ಟಿಸಿದ ಮನೆಗಳ ಹಜಾರದಲ್ಲಿ ಗಾಜಿನ ಬಾಗಿಲಿನ ಒಂದು ಪುಸ್ತಕದ ಬೀರು ಇರುವುದು ವಾಡಿಕೆಯಾಗಿತ್ತು. ಮಕ್ಕಳು ಬೇರೆ ಊರು ಸೇರಿ, ಮನೆ ಮಾರಾಟವಾಗಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುವಾಗ ಬೀರುವಿನಲ್ಲಿದ್ದ ಪುಸ್ತಕಗಳು ಮೊದಲು ಗುಜರಿಗೆ, ಅಲ್ಲಿಂದ ಹಳೆಯ ಪುಸ್ತಕದಂಗಡಿಗೆ ಬರುತ್ತವೆ. ಒಂದು ಮನೆಯ ಪುಸ್ತಕಗಳು ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಹೊರಡುವ ಮುನ್ನ

ಹಿಂದಿನ ರಾತ್ರಿ ನಿಮ್ಮ ಮನೆಯ ಪುಸ್ತಕದ ಗೂಡುಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಇದ್ದ ಪುಸ್ತಕವನ್ನೇ ಮತ್ತೆ ಕೊಳ್ಳುವುದು ಈ ಹವ್ಯಾಸದ ಹಳೆಯ ರೋಗ, ಅದಕ್ಕೆ ಇಷ್ಟೇ ಮದ್ದು. ಸಂಪುಟಗಳಲ್ಲಿ ಬಂದ ಕೃತಿಗಳು ಅರೆಬರೆಯಾಗಿದ್ದರೆ ಯಾವ ಸಂಪುಟಗಳು ಇಲ್ಲವೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ. ಇಂಥವು ಹಳೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿಯೇ ಕಣ್ಣಿಗೆ ಬೀಳುತ್ತವೆ, ಮತ್ತು ಬಿಡಿ ಸಂಪುಟಕ್ಕೆ ಬೇರೆ ಗಿರಾಕಿ ಸಿಗುವುದು ಕಷ್ಟವಾದ್ದರಿಂದ ಬೆಲೆಯೂ ಇಳಿದಿರುತ್ತದೆ.

ಇದರಾಚೆಗೆ ಪಟ್ಟಿ ಬೇಡ ಎಂಬುದು ನನ್ನ ಅಭಿಪ್ರಾಯ. ಹತ್ತು ಪುಸ್ತಕಗಳ ಹೆಸರು ಬರೆದುಕೊಂಡು ಹೋದವರು ಆ ಹತ್ತು ಹೆಸರುಗಳನ್ನಷ್ಟೇ ಹುಡುಕುತ್ತಾರೆ, ಸಿಗದೆ ಬೇಸರಪಡುತ್ತಾರೆ. ಅದರ ಬದಲು ಎರಡೋ ಮೂರೋ ವಿಷಯಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: ಪ್ರವಾಸ ಕಥನ, ಕೃಷಿಯ ಕೈಪಿಡಿ, ಹಳಗನ್ನಡ ಕಾವ್ಯದ ಸಂಪಾದನೆ, ಹೀಗೆ ಯಾವುದಾದರೂ.

ಚೀಲದಲ್ಲಿ ಇರಬೇಕಾದವು: ಗಟ್ಟಿ ಹೊಲಿಗೆಯ ಎರಡು ಬಟ್ಟೆ ಚೀಲ, ಧೂಳೊರೆಸುವ ಮೆತ್ತನೆಯ ಬಟ್ಟೆ, ಪೆನ್ಸಿಲ್, ಚಿಕ್ಕ ಟಾರ್ಚ್, ನೀರು, ಮಾಸ್ಕ್. ಮಾಸ್ಕ್ ಎಂದಾಗ ನಗಬೇಡಿ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಪುಸ್ತಕದ ಧೂಳು ಆಸ್ತಮಾ ಇರುವವರನ್ನು ಒಂದೇ ಗಂಟೆಯಲ್ಲಿ ಮಲಗಿಸಬಲ್ಲದು. ಚಿಲ್ಲರೆ ನೋಟುಗಳೂ ಇರಲಿ. ಫೋನ್‌ಪೇ ಎಲ್ಲ ಕಡೆಯೂ ನಡೆಯುತ್ತದೆ ನಿಜ, ಆದರೆ ಮೂವತ್ತು ರೂಪಾಯಿ ಇಳಿಸಿಕೊಳ್ಳುವ ಮಾತುಕತೆಯಲ್ಲಿ ಕೈಯಲ್ಲಿರುವ ನೋಟಿಗೆ ಇರುವ ಬಲ ಮೊಬೈಲಿಗೆ ಇಲ್ಲ.

ಪ್ರಯಾಣ ಮತ್ತು ವೇಳೆ

ರೈಲಿನಲ್ಲಿ ಹೋಗುವುದು ಲೇಸು. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ದ್ವೀಪವನ್ನು ಹೊಕ್ಕು ಹೊರಡುವಾಗ ಕಾವೇರಿ ಎರಡು ಬಾರಿ ಕಾಣಿಸುತ್ತಾಳೆ. ದಿನ ನಿಧಾನವಾಗಿ ಆರಂಭವಾಗುವುದಕ್ಕೆ ಅಷ್ಟು ಸಾಕು. ಮಹಿಳೆಯರಿಗೆ ಶಕ್ತಿ ಯೋಜನೆಯಿಂದಾಗಿ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಟಿಕೆಟ್ ಖರ್ಚಿಲ್ಲ, ಉಳಿದ ಹಣಕ್ಕೆ ಒಂದು ಪುಸ್ತಕ ಬರುತ್ತದೆ. ಬೈಕಿನಲ್ಲಿ ಹೊರಡುವವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಮರಳುವಾಗ ಪುಸ್ತಕದ ಚೀಲ ಹೊತ್ತು ಅದರಲ್ಲಿ ಬರುವುದು ಅಷ್ಟೇನೂ ಹಿತವಲ್ಲ.

ದಸರೆಯ ಹತ್ತು ದಿನಗಳನ್ನು ಬಿಟ್ಟುಬಿಡಿ. ಭಾನುವಾರವನ್ನೂ ನಾನು ಆರಿಸಿಕೊಳ್ಳುವುದಿಲ್ಲ. ಕೆಲಸದ ದಿನವಾದರೆ ಅಂಗಡಿಗಳ ಜೊತೆಗೆ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಸಾರಾಂಗದ ಮಾರಾಟ ವಿಭಾಗಕ್ಕೂ ಹೋಗಬಹುದು. ಅಲ್ಲಿ ಹಳೆಯ ದಾಸ್ತಾನಿನ ಪುಸ್ತಕ ಮುದ್ರಿತ ಬೆಲೆಗೇ ಸಿಗುವ ಸಂಭವವಿರುವುದರಿಂದ, ವಿಶ್ವವಿದ್ಯಾನಿಲಯದ ಪ್ರಕಟಣೆಯೊಂದನ್ನು ‘ಎಲ್ಲೂ ಸಿಗಲ್ಲ ಸಾರ್’ ಎಂಬ ಮಾತು ನಂಬಿ ಹೆಚ್ಚು ಬೆಲೆಗೆ ಕೊಳ್ಳುವ ಮುಂಚೆ ಅಲ್ಲೊಮ್ಮೆ ವಿಚಾರಿಸುವುದು ಜಾಣತನ. ಮಳೆಗಾಲದಲ್ಲಿ ಫುಟ್‌ಪಾತಿನ ವ್ಯಾಪಾರಿಗಳು ಟಾರ್ಪಾಲು ಹೊದಿಸಿಬಿಟ್ಟಿರುತ್ತಾರೆ, ಕಾಗದವೂ ತೇವ ಹೀರಿಕೊಂಡಿರುತ್ತದೆ. ದಸರೆ ಮುಗಿದ ಮೇಲಿನಿಂದ ಶಿವರಾತ್ರಿಯವರೆಗಿನ ಒಣ ಹವೆ ಪುಸ್ತಕಕ್ಕೂ ನೋಡುವವರಿಗೂ ಒಳ್ಳೆಯದು.

ಹಳೆಯ ಪುಸ್ತಕದ ವ್ಯಾಪಾರಿಗಳು ನಸುಕಿಗೇ ಬಾಗಿಲು ತೆಗೆಯುವ ಪೈಕಿಯಲ್ಲ. ಹತ್ತು ಹತ್ತೂವರೆಗೆ ಮುಂಚೆ ಹೋಗಿ ಶಟರ್ ನೋಡುತ್ತ ನಿಲ್ಲುವುದಕ್ಕಿಂತ, ಇಳಿದ ಕೂಡಲೇ ದೋಸೆ ತಿಂದು ಕಾಫಿ ಕುಡಿದು, ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಹೊರಡಿ. ಕೈ ತೊಳೆಯುವುದು ಶಿಷ್ಟಾಚಾರದ ಮಾತಲ್ಲ. ಬೆಣ್ಣೆಯ ಕಲೆ ಕಾಗದದಿಂದ ಎಂದಿಗೂ ಹೋಗುವುದಿಲ್ಲ.

ಅಂಗಡಿಯನ್ನು ಹುಡುಕುವ ಬಗೆ

ಯಾವ ಅಂಗಡಿ ಎಂದು ಹೆಸರು ಹೇಳದೆ ಹುಡುಕುವ ರೀತಿಯನ್ನು ಹೇಳುತ್ತೇನೆ, ಏಕೆಂದರೆ ಈ ವ್ಯಾಪಾರದಲ್ಲಿ ಅಂಗಡಿಗಳು ಜಾಗ ಬದಲಿಸುತ್ತವೆ, ರೀತಿ ಬದಲಿಸುವುದಿಲ್ಲ. ಹಳೆಯ ಪುಸ್ತಕ ಸಿಗುವ ತಾಣಗಳು ಮೂರು ಬಗೆಯವು. ಮೊದಲನೆಯದು ಕಾಲೇಜು, ಹಾಸ್ಟೆಲುಗಳ ಆಸುಪಾಸಿನ ಅಂಗಡಿ. ಅಲ್ಲಿ ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ಮುಂದಿರುತ್ತವೆ, ಸಾಹಿತ್ಯ ಹಿಂದಿನ ಸಾಲಿನಲ್ಲೋ ಅಟ್ಟದಲ್ಲೋ ಇರುತ್ತದೆ. ಎರಡನೆಯದು ಪೇಟೆಯ ಫುಟ್‌ಪಾತ್. ಅಲ್ಲಿ ಇಂದು ಕಂಡದ್ದು ನಾಳೆ ಇರುವುದಿಲ್ಲ. ಮೂರನೆಯದು ಗುಜರಿ ಅಥವಾ ಹಳೇ ಪೇಪರ್ ಅಂಗಡಿ; ಅಲ್ಲಿ ಪುಸ್ತಕಕ್ಕೆ ಬೆಲೆಯಿಲ್ಲ, ತೂಕವಿದೆ. ಮಾರುವವನಿಗೆ ಪುಸ್ತಕದ ಬಗ್ಗೆ ಎಷ್ಟು ಗೊತ್ತಿದೆಯೋ ಬೆಲೆ ಅಷ್ಟು ಹೆಚ್ಚು, ನೀವು ಪಡಬೇಕಾದ ಶ್ರಮ ಅಷ್ಟು ಕಡಿಮೆ. ಈ ಲೆಕ್ಕ ಮೂರೂ ಕಡೆ ತಪ್ಪುವುದಿಲ್ಲ.

ಒಂದು ಅಂಗಡಿಯವರನ್ನು ಕೇಳಿದರೆ ಇನ್ನೊಂದರ ದಾರಿ ಹೇಳುತ್ತಾರೆ. ಸ್ಪರ್ಧಿಯ ದಾರಿಯನ್ನು ಯಾರು ತೋರಿಸುತ್ತಾರೆ ಎಂದುಕೊಳ್ಳಬೇಡಿ: ಹಳೆಯ ಪುಸ್ತಕದಲ್ಲಿ ಒಬ್ಬರ ಬಳಿ ಇರುವ ಪ್ರತಿ ಇನ್ನೊಬ್ಬರ ಬಳಿ ಇರುವುದಿಲ್ಲವಾದ್ದರಿಂದ ಅವರ ನಡುವೆ ಪೈಪೋಟಿ ನಾವೆಣಿಸುವಷ್ಟಿಲ್ಲ. ಒಂದು ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಅಂಗಡಿ ಸಾಕು.

ಒಳಗೆ ಮೊದಲ ಅರ್ಧ ಗಂಟೆ

ಒಳಗೆ ಕಾಲಿಟ್ಟ ಕೂಡಲೇ ಯಾವ ಪುಸ್ತಕವನ್ನೂ ಎಳೆಯಬೇಡಿ. ಮೊದಲು ಅಂಗಡಿಯವರನ್ನು ಮಾತನಾಡಿಸಿ: ‘ಯಜಮಾನ್ರೇ, ಹಳೇ ಕನ್ನಡ ಪುಸ್ತಕ ಎಲ್ಲಿಟ್ಟಿದ್ದೀರಿ? ನಿಧಾನವಾಗಿ ನೋಡ್ತೀನಿ, ಜೋಡಿಸಿರೋದನ್ನ ಕೆಡಿಸಲ್ಲ.’ ಈ ಎರಡನೆಯ ವಾಕ್ಯಕ್ಕೆ ಬಹಳ ಬೆಲೆಯಿದೆ. ಗಿರಾಕಿಗಳು ಎಳೆದೆಳೆದು ಹಾಕಿದ ರಾಶಿಯನ್ನು ದಿನವೂ ರಾತ್ರಿ ಜೋಡಿಸುವವರು ಅವರೇ. ಆ ಮಾತು ಕೇಳಿದ ಮೇಲೆ ಸ್ಟೂಲನ್ನು ತಾವಾಗಿಯೇ ಮುಂದೆ ತಳ್ಳಿದವರನ್ನು ನಾನು ಕಂಡಿದ್ದೇನೆ.

ಅನಂತರ ಇಡೀ ಅಂಗಡಿಯನ್ನು ಒಂದು ಸುತ್ತು, ಕೈ ಹಿಂದೆ ಕಟ್ಟಿಕೊಂಡು, ನೋಡಿ. ಎಲ್ಲಿ ಯಾವ ಬಗೆಯ ಪುಸ್ತಕ, ಹೊಸದಾಗಿ ಬಂದ ಕಟ್ಟುಗಳು ಎಲ್ಲಿವೆ, ಬಿಚ್ಚದ ಗೋಣಿಚೀಲ ಯಾವ ಮೂಲೆಯಲ್ಲಿದೆ ಎಂದು ಗುರುತಿಸಿಕೊಳ್ಳಿ. ಕಣ್ಣಿನ ಮಟ್ಟದ ಗೂಡುಗಳನ್ನು ಎಲ್ಲರೂ ನೋಡಿರುತ್ತಾರೆ. ನೆಲಕ್ಕೆ ತಾಗಿದ ಸಾಲು ಮತ್ತು ಒಂದರ ಹಿಂದೊಂದು ಇಟ್ಟ ಎರಡನೆಯ ಸಾಲು, ಇವೆರಡೇ ನಿಮ್ಮ ಹೊಲ. ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಕೊಟ್ಟು ಎಳೆಯಬಾರದು, ಹಳೆಯ ಬೈಂಡಿಂಗ್ ಅಲ್ಲೇ ಹರಿಯುತ್ತದೆ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ಒತ್ತಿ, ನಡುವಿನದನ್ನು ಎರಡೂ ಬದಿಯಿಂದ ಹಿಡಿದು ಹೊರತೆಗೆಯಬೇಕು.

ಒಂದು ಮನೆಯ ಪುಸ್ತಕಗಳು ಒಟ್ಟಿಗೆ ಬರುತ್ತವೆ ಎಂದೆನಲ್ಲ: ನಿಮಗೆ ಹಿಡಿಸಿದ ಪುಸ್ತಕವೊಂದರ ಒಳಗೆ ಒಂದು ಸಹಿ ಇದ್ದರೆ, ಅದೇ ಕೈಬರಹವನ್ನು ಸುತ್ತಲಿನ ಪುಸ್ತಕಗಳಲ್ಲಿ ಹುಡುಕಿ. ಒಮ್ಮೆ ನೇರಳೆ ಶಾಯಿಯ ಒಂದೇ ಸಹಿಯಿದ್ದ ಹನ್ನೊಂದು ಪುಸ್ತಕಗಳು ನನಗೆ ಎರಡು ಗೂಡುಗಳ ನಡುವೆ ಚದುರಿ ಸಿಕ್ಕಿದ್ದವು. ಆ ಓದುಗರು ಯಾರೋ ತಿಳಿಯದು, ಅಭಿರುಚಿ ಮಾತ್ರ ನನಗಿಂತ ಎಷ್ಟೋ ಮೇಲಿತ್ತು. ಹೀಗೆ ಒಬ್ಬ ಒಳ್ಳೆಯ ಓದುಗರ ಬೆನ್ನು ಹತ್ತುವುದು ಯಾವ ಪಟ್ಟಿಗಿಂತಲೂ ವಾಸಿ.

ಕಣ್ಣಿಡಬೇಕಾದ ಇನ್ನೊಂದೆರಡು ಬಗೆಗಳಿವೆ. ಸೋವಿಯತ್ ಒಕ್ಕೂಟದ ಪ್ರಗತಿ, ರಾದುಗ, ಮೀರ್ ಪ್ರಕಾಶನಗಳು ಕನ್ನಡಕ್ಕೆ ಅನುವಾದಿಸಿ ಮುದ್ರಿಸಿದ ಮಕ್ಕಳ ಕಥೆ, ವಿಜ್ಞಾನ, ಕಾದಂಬರಿಗಳು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. 1991ರಲ್ಲಿ ಆ ಒಕ್ಕೂಟವೇ ಇಲ್ಲವಾದ ಮೇಲೆ ಉಳಿದಿರುವುದು ಇಂಥ ಅಂಗಡಿಗಳಲ್ಲಿ ಮಾತ್ರ. ಕಾಗದ, ಚಿತ್ರ, ಹೊಲಿಗೆ ಮೂರೂ ಗಟ್ಟಿ. ಎರಡನೆಯದು ನಿಯತಕಾಲಿಕೆಗಳು: 1956ರಿಂದ ಬಂದ ಕಸ್ತೂರಿ, 1968ರಿಂದ ಬಂದ ಮಯೂರ, ಮತ್ತು ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳು. ಪುಸ್ತಕ ರೂಪದಲ್ಲಿ ಎಂದೂ ಬಾರದ ಕಥೆ, ಲೇಖನಗಳು ಅವುಗಳಲ್ಲಿವೆ, ಜಾಹೀರಾತುಗಳೇ ಒಂದು ಓದು. ಯಾರೋ ಹಿಂದಿನವರು ಆರು ತಿಂಗಳ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡಿಸಿಟ್ಟದ್ದು ಸಿಕ್ಕರೆ ಬಿಡಬೇಡಿ.

ಮುದ್ರಣದ ವಿವರವಿರುವ ಪುಟವನ್ನು ಓದುವುದು

ಪುಸ್ತಕ ಕೈಗೆ ಬಂದ ಮೇಲೆ ಮೊದಲ ಅಧ್ಯಾಯಕ್ಕೆ ಹೋಗದೆ, ಶೀರ್ಷಿಕೆಯ ಪುಟದ ಹಿಂಬದಿಗೆ ತಿರುವಿ. ಯಾವ ಮುದ್ರಣ, ಯಾವ ವರ್ಷ, ಎಷ್ಟು ಪ್ರತಿ, ಯಾವ ಅಚ್ಚುಕೂಟ, ಏನು ಬೆಲೆ ಎಂಬುದೆಲ್ಲ ಅಲ್ಲಿರುತ್ತದೆ. ಕನ್ನಡದ ಪ್ರಕಾಶಕರು ‘ಪ್ರತಿಗಳು: 1000’ ಎಂದು ಅಚ್ಚು ಹಾಕಿಸುವ ಒಳ್ಳೆಯ ರೂಢಿ ಇಟ್ಟುಕೊಂಡಿದ್ದರಿಂದ ಪುಸ್ತಕ ಎಷ್ಟು ವಿರಳವೆಂದು ಅಂದಾಜು ಮಾಡಲು ಅನುಕೂಲ. ಮೊದಲ ಮುದ್ರಣವೇ ಶ್ರೇಷ್ಠವೆಂಬ ಭ್ರಮೆ ಬೇಡ. ಸಂಗ್ರಹಕಾರರಿಗೆ ಅದು ಮುಖ್ಯ, ಓದುಗರಿಗೆ ಲೇಖಕರು ತಿದ್ದಿದ ಎರಡನೆಯ ಅಥವಾ ಮೂರನೆಯ ಮುದ್ರಣವೇ ಎಷ್ಟೋ ಸಲ ಮೇಲು. ‘ಪರಿಷ್ಕೃತ’ ಎಂಬ ಪದವಿದೆಯೇ, ಎರಡನೆಯ ಮುದ್ರಣದ ಅರಿಕೆಯಲ್ಲಿ ಏನು ಬದಲಾಗಿದೆಯೆಂದು ಬರೆದಿದ್ದಾರೆಯೇ ಎಂದು ನೋಡಿ. ತಪ್ಪೊಪ್ಪೋಲೆಯ, ಅಂದರೆ ಅಚ್ಚಿನ ತಪ್ಪುಗಳ ತಿದ್ದುಪಡಿ ಪಟ್ಟಿಯ, ಚೀಟಿ ಹಾಗೆಯೇ ಉಳಿದಿದ್ದರೆ ಅದೂ ಒಂದು ಭಾಗ್ಯ.

ಆ ಪುಟ ಹರಿದುಹೋಗಿದ್ದರೆ ಅಥವಾ ವರ್ಷವೇ ಇಲ್ಲದಿದ್ದರೆ ಕಾಲವನ್ನು ಬೇರೆ ಗುರುತುಗಳಿಂದ ಹಿಡಿಯಬೇಕು. ಬೆಲೆ 1-8-0 ಎಂದಿದ್ದರೆ ಅದು ಒಂದು ರೂಪಾಯಿ ಎಂಟು ಆಣೆ, ಅಂದರೆ ಒಂದೂವರೆ ರೂಪಾಯಿ. ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು, ಆದ್ದರಿಂದ ಆಣೆಯ ಲೆಕ್ಕದ ಬೆಲೆಯಿದ್ದರೆ ಪುಸ್ತಕ ಬಹುತೇಕ ಅದಕ್ಕಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ರ ಅನಂತರದ್ದು. ಹಳೆಯ ಅಂಚೆ ವಲಯದ ಅಂಕಿಯೊಂದಿಗೆ ಬರಿಯ ‘ಮೈಸೂರು-4’ ಎಂದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಪಿನ್ ಬಂದ ಮೇಲೂ ಜನ ಹಾಗೆ ಬರೆಯುತ್ತಿದ್ದರು. ಸರ್ಕಾರಿ ಪ್ರಕಟಣೆಯ ಮೇಲೆ ‘ಮೈಸೂರು ಸರ್ಕಾರ’ ಎಂದಿದ್ದರೆ ಅದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1ಕ್ಕೆ ಹಿಂದಿನದು. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ. ಪುಸ್ತಕದ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ 13 ಅಂಕಿಯದಾಗಿದ್ದರೆ ಸಾಮಾನ್ಯವಾಗಿ 2007 ಅಥವಾ ಅದರಾಚೆಗಿನ ಮುದ್ರಣ.

ಮುದ್ರಣದ ರೀತಿಯೂ ಸಾಕ್ಷಿ ಹೇಳುತ್ತದೆ. ಪುಟದ ಹಿಂಬದಿಯ ಮೇಲೆ ಬೆರಳ ತುದಿಯನ್ನು ಹಗುರವಾಗಿ ಆಡಿಸಿ. ಅಚ್ಚುಮೊಳೆಯ ಒತ್ತು ಉಬ್ಬಾಗಿ ತಾಕಿದರೆ ಅದು ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕ. ಪುಟ ಸಪಾಟಾಗಿದ್ದರೆ ಅದು ಮೊಳೆ ಬಳಸದ ಆಫ್‌ಸೆಟ್ ಮುದ್ರಣ. ಒತ್ತಕ್ಷರವೊಂದು ಅಲ್ಲಲ್ಲಿ ಸ್ವಲ್ಪ ಕೆಳಕ್ಕೆ ಜಾರಿ ಕುಳಿತಿರುವುದು, ಒಂದೇ ‘ಕ’ ಪುಸ್ತಕದುದ್ದಕ್ಕೂ ಮುರಿದ ಕೊಂಬಿನೊಂದಿಗೆ ಮತ್ತೆ ಮತ್ತೆ ಬರುವುದು, ಇವು ಮೊಳೆಯ ಕಾಲದ ಗುರುತುಗಳು. ಇವುಗಳಿಂದ ಪುಸ್ತಕದ ಬೆಲೆ ಹೆಚ್ಚುವುದಿಲ್ಲ, ಓದುವ ಸುಖ ಹೆಚ್ಚುತ್ತದೆ.

ಮೈ ಪರೀಕ್ಷೆ

ಇನ್ನು ಪುಟಗಳೆಲ್ಲ ಇವೆಯೇ ಎಂಬ ಪ್ರಶ್ನೆ. ಇದನ್ನು ಕಡೆಗಣಿಸಿ ನಾನೇ ಪಾಠ ಕಲಿತಿದ್ದೇನೆ: ರಕ್ಷಾಪುಟ ಚೆನ್ನಾಗಿದೆಯೆಂದು ಕೊಂಡು ತಂದ ಪತ್ತೇದಾರಿ ಕಾದಂಬರಿಯೊಂದರಲ್ಲಿ 160ನೆಯ ಪುಟವಾದ ಮೇಲೆ 177 ಬಂದಿತು, ಕೊಂದವರು ಯಾರೆಂಬುದು ಆ ನಡುವಿನ ಹದಿನಾರು ಪುಟಗಳಲ್ಲಿ ಇತ್ತು. ಹದಿನಾರೇ ಏಕೆಂದರೆ, ಡೆಮಿ ಅಥವಾ ಕ್ರೌನ್ ಅಷ್ಟಮವೆಂಬ ವಾಡಿಕೆಯ ಅಳತೆಯ ಪುಸ್ತಕಗಳನ್ನು ಸಾಮಾನ್ಯವಾಗಿ ಹದಿನಾರು ಪುಟಗಳ ಫಾರಂಗಳಾಗಿ ಅಚ್ಚು ಹಾಕಿ, ಮಡಚಿ, ಜೋಡಿಸಿ ಹೊಲಿಯುತ್ತಾರೆ. ಹಳೆಯ ಪುಸ್ತಕಗಳಲ್ಲಿ 1, 17, 33, 49 ಹೀಗೆ ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಸಣ್ಣದೊಂದು ಅಂಕಿ ಇರುತ್ತದೆ. ಇಡೀ ಪುಸ್ತಕವನ್ನು ತಿರುವುವ ಬದಲು ಈ ಫಾರಂ ಅಂಕಿಗಳು ಕ್ರಮವಾಗಿವೆಯೇ ಎಂದು ನೋಡಿದರೆ ಎರಡು ನಿಮಿಷದಲ್ಲಿ ಪರೀಕ್ಷೆ ಮುಗಿಯುತ್ತದೆ. ಒಂದೇ ಫಾರಂ ಎರಡು ಸಲ ಸೇರಿ ಇನ್ನೊಂದು ಬಿಟ್ಟುಹೋಗಿರುವುದೂ, ತಲೆಕೆಳಗಾಗಿ ಹೊಲಿದಿರುವುದೂ ಉಂಟು. ನಕ್ಷೆ, ಚಿತ್ರಪಟಗಳು ಬೇರೆಯಾಗಿ ಅಂಟಿಸಿದವು, ಅವಕ್ಕೆ ಪುಟಸಂಖ್ಯೆ ಇರದು. ಪರಿವಿಡಿಯಲ್ಲಿ ಚಿತ್ರಗಳ ಪಟ್ಟಿಯಿದ್ದರೆ ಅದರೊಂದಿಗೆ ತಾಳೆ ನೋಡಬೇಕು.

ಕಾಗದ ಹಳದಿಯಾಗಿರುವುದು ದೋಷವಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಮತ್ತು ಆಮ್ಲದ ಅಂಶದಿಂದ ಅದು ಕಾಲಕ್ರಮದಲ್ಲಿ ಹಳದಿಗೂ ಕಂದಿಗೂ ತಿರುಗುತ್ತದೆ. ನೋಡಬೇಕಾದದ್ದು ಕಾಗದಕ್ಕೆ ಇನ್ನೂ ಜೀವವಿದೆಯೇ ಎಂಬುದನ್ನು. ಪುಟವನ್ನು ಮೆಲ್ಲಗೆ ಬಾಗಿಸಿದಾಗ ಹಪ್ಪಳದಂತೆ ಮುರಿಯುವ ಹಾಗಿದ್ದರೆ ಅದು ಓದುವ ಪುಸ್ತಕವಲ್ಲ, ಜೋಪಾನ ಮಾಡುವ ಪುಸ್ತಕ. ಅಂಥದ್ದನ್ನು ಬೇರೆಲ್ಲೂ ಸಿಗದಿದ್ದರೆ ಮಾತ್ರ ಕೊಳ್ಳಿ.

ಹುಳುವಿನ ವಿಚಾರದಲ್ಲಿ ದಾಕ್ಷಿಣ್ಯ ಬೇಡ. ಪುಟಗಳ ಮೂಲಕ ಸೂಜಿ ಚುಚ್ಚಿದಂತೆ ಸಾಗಿರುವ ತೂತುಗಳು ಹಳೆಯವಾದರೆ ಅಪಾಯವಿಲ್ಲ. ಆದರೆ ಪುಸ್ತಕವನ್ನು ಬಿಳಿಯ ಕಾಗದದ ಮೇಲೆ ಹಿಡಿದು ಬೆನ್ನನ್ನು ಎರಡು ಸಲ ತಟ್ಟಿದಾಗ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಒಳಗೆ ಇನ್ನೂ ಬಾಡಿಗೆದಾರರಿದ್ದಾರೆ ಎಂದರ್ಥ. ಬೆಳ್ಳಿಯ ಬಣ್ಣದ, ಮೀನಿನಾಕಾರದ ಚಿಕ್ಕ ಹುಳು ಅಂಟು, ಗಂಜಿ ಇರುವ ಕಡೆ ಕಾಗದವನ್ನು ಮೇಲ್ಪದರದಲ್ಲಿ ಕೆರೆದು ತಿನ್ನುತ್ತದೆ. ಗೆದ್ದಲಿನ ಮಣ್ಣು ಒಂದು ಚೂರು ಕಂಡರೂ ಆ ಗೂಡಿನಿಂದಲೇ ದೂರ ಸರಿಯಿರಿ. ಬೂಷ್ಟು ಇದೆಯೇ ಎಂಬುದನ್ನು ಕಣ್ಣಿಗಿಂತ ಮೂಗು ಬೇಗ ಹೇಳುತ್ತದೆ: ಹಳೆಯ ಕಾಗದದ ಸಿಹಿಗಂಪು ಬೇರೆ, ತೇವ ತಿಂದ ಮುಗ್ಗಲು ವಾಸನೆ ಬೇರೆ. ಮುಗ್ಗಲು ಹಿಡಿದ ಒಂದು ಪುಸ್ತಕ ಮನೆಯ ಬೀರುವಿನಲ್ಲಿರುವ ಉಳಿದವನ್ನೂ ಕೆಡಿಸಬಲ್ಲದು.

ಗ್ರಂಥಾಲಯದ ಮೊಹರಿದ್ದರೆ ಅದನ್ನು ಅಲ್ಲಿಂದ ರದ್ದುಪಡಿಸಿ ವಿಲೇವಾರಿ ಮಾಡಿದ ಗುರುತೂ ಇದೆಯೇ ನೋಡಿ. ಇಲ್ಲದಿದ್ದರೆ, ಅದರಲ್ಲೂ ಪುಸ್ತಕ ವಿರಳವಾಗಿದ್ದರೆ, ನಾನು ವಾಪಸು ಇಟ್ಟುಬಿಡುತ್ತೇನೆ. ಯಾವುದೋ ಕಾಲೇಜಿನ ಕಪಾಟಿನಲ್ಲಿ ಇರಬೇಕಾದದ್ದು ನನ್ನ ಮನೆಯಲ್ಲಿ ಕುಳಿತರೆ ಓದುವಾಗ ಮನಸ್ಸಿಗೆ ಕಿರಿಕಿರಿ.

ಪುಟಗಳ ನಡುವೆ ಸಿಗುವ ವಸ್ತುಗಳದ್ದು ಬೇರೆಯೇ ಲೋಕ: ಬಸ್ ಟಿಕೆಟ್, ಒಣಗಿದ ಸಂಪಿಗೆ, ಮರಿ ಹಾಕುತ್ತದೆಂದು ಮಕ್ಕಳು ಬಚ್ಚಿಟ್ಟ ನವಿಲುಗರಿ, ದಿನಸಿ ಚೀಟಿ. ಅವನ್ನು ಇದ್ದಲ್ಲೇ ಬಿಡಿ. ಆದರೆ ಖಾಸಗಿ ಪತ್ರ, ಜಾತಕ, ಆಸ್ತಿಯ ಕಾಗದ ಸಿಕ್ಕರೆ ಅಂಗಡಿಯವರಿಗೆ ತೋರಿಸಬೇಕು. ಆ ಕಟ್ಟು ಎಲ್ಲಿಂದ ಬಂತೆಂಬುದು ಅವರಿಗೆ ಗೊತ್ತಿರುವ ಸಂಭವವಿದೆ.

ಬಿಡಬೇಕಾದವು

ಹಳೆಯ ಕಾನೂನು ಪುಸ್ತಕಗಳನ್ನು ಪರೀಕ್ಷೆಗೆಂದು ಕೊಳ್ಳಬೇಡಿ; 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಲಂಗಳ ಸಂಖ್ಯೆಗಳೇ ಬದಲಾಗಿವೆ. ಔಷಧ, ತೆರಿಗೆ, ಕಂಪ್ಯೂಟರ್ ಪುಸ್ತಕಗಳಿಗೂ ಇದೇ ಮಾತು. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಹೊಳೆಯುವ ಇಂಗ್ಲಿಷ್ ಜನಪ್ರಿಯ ಪುಸ್ತಕಗಳು ಹಳೆಯವಲ್ಲ, ನಕಲಿ: ಅಕ್ಷರ ಮಸುಕು, ಕಾಗದದ ಆಚೆ ಬದಿಯ ಸಾಲು ಈಚೆಗೆ ಕಾಣುತ್ತದೆ, ಎರಡು ಸಲ ಓದಿದರೆ ಹಾಳೆ ಕಳಚುತ್ತದೆ.

ಬೆಲೆ ಮಾತನಾಡುವುದು

ಆರಿಸಿದ ಪುಸ್ತಕಗಳನ್ನೆಲ್ಲ ಒಂದು ಕಡೆ ಪೇರಿಸಿ, ಕೊನೆಗೆ ಒಟ್ಟಿಗೆ ಬೆಲೆ ಕೇಳಬೇಕು. ಒಂದೊಂದಕ್ಕೂ ಪ್ರತ್ಯೇಕವಾಗಿ ಚೌಕಾಸಿ ಮಾಡಿದರೆ ಅವರಿಗೂ ಬೇಸರ, ನಿಮಗೂ ಲಾಭವಿಲ್ಲ. ‘ಇಷ್ಟೂ ಸೇರಿ ಒಂದು ರೇಟು ಹೇಳಿ ಸ್ವಾಮಿ’ ಎಂದರೆ ಮಾತು ಬೇಗ ಇತ್ಯರ್ಥವಾಗುತ್ತದೆ. ನಿಮಗೆ ತೀರ ಬೇಕಾದ ಪುಸ್ತಕವನ್ನು ಪೇರಿಕೆಯ ನಡುವೆ ಇಡಿ, ಮೇಲೆ ಇಟ್ಟು ಅದನ್ನೇ ಸವರುತ್ತ ನಿಲ್ಲಬೇಡಿ. ವ್ಯಾಪಾರಿಯ ಕಣ್ಣು ಪುಸ್ತಕಕ್ಕಿಂತ ಗಿರಾಕಿಯ ಮುಖವನ್ನು ಚೆನ್ನಾಗಿ ಓದುತ್ತದೆ.

ಈಚಿನ, ಇನ್ನೂ ಮುದ್ರಣದಲ್ಲಿರುವ ಪುಸ್ತಕಕ್ಕೆ ಮುದ್ರಿತ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲವೆಂಬುದು ನಾನು ಇಟ್ಟುಕೊಂಡ ನಿಯಮ. ಅದಕ್ಕೂ ಹೆಚ್ಚಾದರೆ ಹೊಸ ಪ್ರತಿಯನ್ನೇ ಕೊಂಡು ಲೇಖಕರಿಗೆ ಗೌರವಧನ ಸೇರಲಿ. ಮುದ್ರಣ ನಿಂತ ಪುಸ್ತಕದ ಮೇಲಿನ ‘ಬೆಲೆ 3 ರೂ.’ ಎಂಬುದನ್ನು ತೋರಿಸಿ ವಾದಿಸುವುದು ಮಾತ್ರ ಸಣ್ಣತನ. ಆ ಮೂರು ರೂಪಾಯಿ ಇಂದಿನ ಮೂರು ರೂಪಾಯಿಯಲ್ಲ. ಅಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೇ: ನನಗೆ ಬೇಕಾಗಿರುವುದು ಪಠ್ಯವೋ, ಈ ಪ್ರತಿಯೋ? ಹಳೆಯ ಕನ್ನಡ ಪುಸ್ತಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಏರಿಸಿದ್ದಾರೆ. ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಹುಡುಕಿ. ಪಠ್ಯ ಅಲ್ಲಿದ್ದರೆ ನೀವು ಹಣ ಕೊಡುತ್ತಿರುವುದು ಕಾಗದಕ್ಕೆ, ಬೈಂಡಿಂಗಿಗೆ, ಹಿಂದಿನವರ ಸಹಿಗೆ. ಕೊಡಬಾರದೆಂದಲ್ಲ, ತಿಳಿದು ಕೊಡಬೇಕು.

ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕವಾದ್ದರಿಂದ ಚೌಕಾಸಿಯೇ ಬೇಡ. ಅಲ್ಲಿಂದ ಹೊರಡುವಾಗ ‘ಕನ್ನಡ ಪುಸ್ತಕ ಬಂದ್ರೆ ಎತ್ತಿಡಿ ಅಣ್ಣ, ಮುಂದಿನ ತಿಂಗಳು ಬರ್ತೀನಿ’ ಎಂದು ನಂಬರ್ ಕೊಟ್ಟು, ಹೇಳಿದಂತೆ ಹೋಗಿ. ಎರಡನೆಯ ಸಲ ಹೋದವರಿಗೆ ಮಾತ್ರ ಒಳಗಿನ ಗೋಣಿಚೀಲ ಬಿಚ್ಚುತ್ತಾರೆ.

ಮಧ್ಯಾಹ್ನ ಊಟ ಮಾಡಿ ಇನ್ನೊಂದು ಅಂಗಡಿ ನೋಡುವಷ್ಟರಲ್ಲಿ ಕಣ್ಣು ದಣಿದಿರುತ್ತದೆ. ದಣಿದ ಕಣ್ಣಿಗೆ ಎಲ್ಲವೂ ಕೊಳ್ಳಬೇಕೆನಿಸುತ್ತದೆ. ಆಗ ಖರೀದಿ ನಿಲ್ಲಿಸಿ. ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇರುವ ಕುಕ್ಕರಹಳ್ಳಿ ಕೆರೆಯ ಕಡೆ ಸಂಜೆ ಹೋಗಿ, ಮರದ ನೆರಳಲ್ಲಿ ಕುಳಿತು ಕೊಂಡ ಪುಸ್ತಕಗಳ ಮುನ್ನುಡಿಗಳನ್ನಷ್ಟೇ ಓದಿ.

ಮನೆಗೆ ಬಂದ ಮೇಲೆ

ತಂದ ಪುಸ್ತಕಗಳನ್ನು ನೇರವಾಗಿ ಬೀರುವಿಗೆ ಸೇರಿಸಬಾರದು. ಜಗಲಿಯಲ್ಲಿ ಒಂದೊಂದಾಗಿ ಬಟ್ಟೆಯಿಂದ ಒರೆಸಿ, ಪುಟಗಳನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಇಡಿ. ಬಿಸಿಲಿಗೆ ಹಾಕುವುದು ನಮ್ಮ ಮನೆಗಳ ಹಳೆಯ ಅಭ್ಯಾಸ, ಆದರೆ ಬಿರುಬಿಸಿಲು ಕಾಗದವನ್ನು ಇನ್ನಷ್ಟು ಬೇಗ ಸಾಯಿಸುತ್ತದೆ. ಹುಳುವಿನ ಸಂಶಯವಿದ್ದ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇರಿಸಿ, ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚದೆ ಬಿಡಿ, ಇಲ್ಲವಾದರೆ ಹೊರಗಿನ ತೇವ ಪುಸ್ತಕದ ಮೇಲೆ ಬೆವರಾಗಿ ಕೂರುತ್ತದೆ. ಮಾಂಸ, ಮೀನು ಇಡುವ ಫ್ರೀಜರಾದರೆ ಎರಡು ಚೀಲ ಹಾಕಿ. ಮನೆಯವರ ಅಪ್ಪಣೆಯನ್ನೂ ಪಡೆಯಿರಿ.

ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗಿ ಅಕ್ಷರವನ್ನು ನುಂಗುತ್ತದೆ. ತೆಳುವಾದ ಕಾಗದದ ಪಟ್ಟಿಯನ್ನು ಬೇಯಿಸಿದ ಮೈದಾ ಅಂಟಿನಲ್ಲಿ ಹಚ್ಚಿ, ಮೇಲೆ ಭಾರವಿಟ್ಟು ಒಣಗಿಸಿದರೆ ಸಾಕು. ತುಕ್ಕು ಹಿಡಿದ ಪಿನ್ನುಗಳನ್ನು ಚಾಕುವಿನ ಮೊಂಡು ತುದಿಯಿಂದ ಬಿಡಿಸಿ, ದಾರದಿಂದ ಹೊಲಿಯಿರಿ.

ಬೈಂಡಿಂಗ್ ಪೂರ್ತಿ ಸಡಿಲವಾಗಿದ್ದರೆ ಬೈಂಡರರ ಬಳಿ ಒಯ್ಯುವಾಗ ಮೂರು ಮಾತನ್ನು ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡಿ: ಅಂಚು ಕಟಿಂಗ್ ಹೊಡೆಯಬಾರದು, ಹಳೆಯ ರಕ್ಷಾಪುಟವನ್ನು ಎಸೆಯದೆ ಒಳಗೆ ಸೇರಿಸಿ ಹೊಲಿಯಬೇಕು, ಅಂಚಿನಲ್ಲಿ ತೂತು ಕೊರೆಯದೆ ಫಾರಂಗಳ ಮಡಿಕೆಯಲ್ಲೇ ದಾರ ಹಾಕಬೇಕು. ನನ್ನದೊಂದು ಪುಸ್ತಕ ಬೈಂಡಿಂಗಿನಿಂದ ಮರಳಿ ಬಂದಾಗ ಅಂಚುಗಳು ಸೊಗಸಾಗಿ ಸಮನಾಗಿದ್ದವು, ಹಿಂದಿನ ಓದುಗರು ಪುಟದ ಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಟಿಪ್ಪಣಿಗಳೆಲ್ಲ ಅರ್ಧರ್ಧ ಕತ್ತರಿಸಿಹೋಗಿದ್ದವು.

ಕೊನೆಯ ಕೆಲಸ, ಕೊಂಡ ದಿನ ಮತ್ತು ಊರನ್ನು ಬರೆದಿಡುವುದು. ಹಿಂದಿನವರ ಹೆಸರನ್ನು ಅಳಿಸದೆ, ಅದರ ಕೆಳಗೆ, ಪೆನ್ಸಿಲಿನಲ್ಲಿ ಬರೆಯಿರಿ.